‘ಚಿಪ್ಪು’: ಒಂದು ಪದದ ಅರ್ಥವಿಸ್ತಾರ ಮತ್ತು ಅದರ ಸಾಮಾಜಿಕ ನೆಲೆಗಳು

ಕನ್ನಡ ಕಾವ್ಯಪರಂಪರೆಯಲ್ಲಿ ಮುತ್ತಿಗೆ ದೊರೆತಿರುವ ಗೌರವ ಮುತ್ತನ್ನು ಹೊತ್ತ ಚಿಪ್ಪಿಗೆ ದೊರೆತಿಲ್ಲ. ಸ್ವಾತಿ ನಕ್ಷತ್ರದ ಮಳೆಹನಿ ಚಿಪ್ಪಿನೊಳಗೆ ಬಿದ್ದು ಮುತ್ತಾಗುತ್ತದೆ ಎಂಬ ಕವಿಸಮಯದಲ್ಲಿಯೂ ಚಿಪ್ಪು ಕೇವಲ ಆಶ್ರಯಸ್ಥಾನ. ಆದರೆ ಕಾವ್ಯದ ಹೊರಗೆ, ಅಡುಗೆಮನೆ, ಹಿತ್ತಿಲು, ಸಂತೆ, ಆಸ್ಪತ್ರೆ, ಕೆರೆಯಂಗಳಗಳಲ್ಲಿ ಈ ಪದ ನಡೆಸಿರುವ ಜೀವನ ಬಹಳ ವಿಸ್ತಾರವಾದುದು. ಕಪ್ಪೆಚಿಪ್ಪು, ಮುತ್ತಿನ ಚಿಪ್ಪು, ತೆಂಗಿನ ಚಿಪ್ಪು, ಆಮೆಯ ಚಿಪ್ಪು, ಮಂಡಿಚಿಪ್ಪು, ಚಿಪ್ಪುಹಂದಿ, ಬಾಳೆಹಣ್ಣಿನ ಚಿಪ್ಪು, ಕೊನೆಗೆ ‘ಕೈಗೆ ಚಿಪ್ಪು ಬಂತು’ ಎಂಬ ನುಡಿಗಟ್ಟು, ಇವೆಲ್ಲವೂ ಒಂದೇ ಪದದ ಕವಲುಗಳೇ? ಅಲ್ಲದಿದ್ದರೆ ಯಾವುದು ಕವಲು, ಯಾವುದು ಬಂದು ಸೇರಿದ ಬೇರೆ ಹೊಳೆ? ಜಲಚರವೊಂದರ ಹೆಸರು ಇಷ್ಟು ದೂರ ಸಾಗುವಾಗ ಆ ಜೀವಿಯ ಯಾವ ಗುಣವನ್ನು ಭಾಷೆ ತನ್ನೊಂದಿಗೆ ಕೊಂಡೊಯ್ಯಿತು, ಯಾವುದನ್ನು ಕೈಬಿಟ್ಟಿತು? ಈ ಪ್ರಶ್ನೆಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1

ಬರೊ ಮತ್ತು ಎಮೆನೊ ಅವರ ದ್ರಾವಿಡ ನಿಷ್ಪತ್ತಿ ಕೋಶ (ಮೊದಲ ಮುದ್ರಣ 1961, ಪರಿಷ್ಕೃತ ಮುದ್ರಣ 1984) ಈ ಪದದ ಜ್ಞಾತಿರೂಪಗಳನ್ನು ಒಂದೆಡೆ ತರುತ್ತದೆ. ತಮಿಳಿನ ಇಪ್ಪಿ ಮತ್ತು ಸಿಪ್ಪಿ, ಮಲಯಾಳದ ಇಪ್ಪಿ ಮತ್ತು ಚಿಪ್ಪಿ, ತುಳುವಿನ ಚಿಪ್ಪಿ, ತಿಪ್ಪಿ, ಸಿಪ್ಪಿ, ತೆಲುಗಿನ ಚಿಪ್ಪ ಒಂದು ಕಡೆ. ಕನ್ನಡದಲ್ಲಿ ಚಿಪ್ಪು, ಸಿಪ್ಪು, ಚಿಂಪಿ, ಚಿಂಪೆ, ಸಿಂಪಿ, ಸಿಂಪೆ ಎಂಬ ರೂಪವೈವಿಧ್ಯ ಇನ್ನೊಂದು ಕಡೆ. ಪದಾದಿಯ ಚಕಾರ-ಸಕಾರಗಳ ವಿನಿಮಯ ಕನ್ನಡಕ್ಕೆ ಹೊಸತಲ್ಲ. ಚಿಟಿಕೆ-ಸಿಟಿಕೆ ಎಂಬ ಜೋಡಿಯಲ್ಲಿಯೂ ಅದು ಕಾಣುತ್ತದೆ. ಪದಾದಿಯ ವ್ಯಂಜನ ಪೂರ್ತಿಯಾಗಿ ಲೋಪವಾದ ‘ಇಪ್ಪಿ’ ಎಂಬ ರೂಪ ದಕ್ಷಿಣ ದ್ರಾವಿಡದ ಒಂದು ಪರಿಚಿತ ಧ್ವನಿವ್ಯತ್ಯಾಸಕ್ಕೆ ಉದಾಹರಣೆ. ದ್ವಿತ್ವದ ಜಾಗದಲ್ಲಿ ಅನುಸ್ವಾರ ಬಂದಿರುವ ‘ಸಿಂಪಿ’ಯ ಬಗೆಗೆ ಮುಂದೆ ಮತ್ತೆ ಹೇಳಬೇಕಾಗುತ್ತದೆ.

ಪಾಲಿ ಮತ್ತು ಪ್ರಾಕೃತಗಳಲ್ಲಿಯೂ ‘ಸಿಪ್ಪೀ’ ಎಂಬ ಪದವಿದ್ದು, ಮುತ್ತಿನ ಚಿಪ್ಪು ಎಂಬುದೇ ಅದರ ಅರ್ಥ. ಹಿಂದಿಯ ‘ಸೀಪ್’, ಮರಾಠಿಯ ‘ಶಿಂಪ’ಗಳು ಈ ಸಾಲಿನವು. ಸಂಸ್ಕೃತದ ‘ಶುಕ್ತಿ’ ಬೇರೆಯೇ ಪದ. ದ್ರಾವಿಡ ಕೋಶ ಈ ಪ್ರಾಕೃತ ರೂಪವನ್ನು ಹೋಲಿಕೆಗೆ ಸೂಚಿಸಿ ನಿಲ್ಲುತ್ತದೆ. ಮುತ್ತಿನ ವ್ಯಾಪಾರ ದಕ್ಷಿಣದ ಕಡಲಿನದು ಎಂಬುದನ್ನು ನೆನೆದರೆ, ಮುತ್ತಿನೊಂದಿಗೆ ಅದರ ಮನೆಯ ಹೆಸರೂ ಉತ್ತರಕ್ಕೆ ಪಯಣಿಸಿತು ಎಂದು ಊಹಿಸುವುದು ಅಸಹಜವಾಗದು.

ಶುಕ್ತಿ ಮತ್ತು ಚಿಪ್ಪು ಕನ್ನಡದಲ್ಲಿ ಕೆಲಸ ಹಂಚಿಕೊಂಡಿರುವ ಕ್ರಮ ಕುತೂಹಲಕರವಾಗಿದೆ. ಶುಕ್ತಿ ಶಾಸ್ತ್ರದ ಪಾಲಾಯಿತು. ಆಯುರ್ವೇದದಲ್ಲಿ ಶುಕ್ತಿಭಸ್ಮವಿದೆ, ತೂಕದ ಮಾನವಾಗಿ ಎರಡು ಕರ್ಷಗಳಿಗೆ ಒಂದು ಶುಕ್ತಿ, ಅಂದರೆ ಅರ್ಧ ಪಲ. ವೇದಾಂತದಲ್ಲಿ ಶುಕ್ತಿರಜತ ದೃಷ್ಟಾಂತ ಪ್ರಸಿದ್ಧ. ಚಿಪ್ಪಿನ ಒಳಮೈಯ ಹೊಳಪನ್ನು ಬೆಳ್ಳಿಯೆಂದು ತಿಳಿಯುವ ಭ್ರಾಂತಿಯನ್ನು ಶಂಕರರು ಬ್ರಹ್ಮಸೂತ್ರ ಭಾಷ್ಯದ ಪೀಠಿಕೆಯಲ್ಲಿಯೇ ಅಧ್ಯಾಸಕ್ಕೆ ನಿದರ್ಶನವಾಗಿ ಬಳಸಿದ್ದಾರೆ. ಗಮನಿಸಬೇಕಾದ ಅಂಶವೆಂದರೆ, ಶಾಸ್ತ್ರಕ್ಕೆ ಬೇಕಾದದ್ದು ಚಿಪ್ಪಿನ ಹೊಳಪು ಮಾತ್ರ. ಆಡುನುಡಿಗೆ ಆ ಹೊಳಪು ಅಷ್ಟಾಗಿ ಬೇಕಾಗಲಿಲ್ಲ. ಅದು ಹಿಡಿದುಕೊಂಡದ್ದು ಚಿಪ್ಪಿನ ಕುಳಿಯನ್ನು, ಗಡಸುತನವನ್ನು ಮತ್ತು ಬರಿದಾಗಿರುವಿಕೆಯನ್ನು.

2

ಅರ್ಥವಿಸ್ತಾರವನ್ನು ನೋಡುವ ಮೊದಲು ಈ ಪದದ ನೆರಳಿನಲ್ಲಿ ಬಂದು ಕುಳಿತಿರುವ ಎರಡು ಪದಗಳನ್ನು ಬೇರ್ಪಡಿಸುವುದು ಅಗತ್ಯ.

ಮೊದಲನೆಯದು ಬಾಳೆಹಣ್ಣಿನ ಚಿಪ್ಪು. ಗೊನೆಯಿಂದ ಬಿಡಿಸಿದ, ಒಂದೇ ಬುಡಕ್ಕೆ ಅಂಟಿದ ಹಣ್ಣುಗಳ ಸಾಲಿಗೆ ಹಳೆಯ ಮೈಸೂರು ಸೀಮೆಯಲ್ಲಿ ಚಿಪ್ಪು ಎನ್ನುತ್ತಾರೆ. ವೀಳ್ಯ, ಅಡಕೆ, ತೆಂಗಿನಕಾಯಿಯೊಂದಿಗೆ ಒಂದು ಚಿಪ್ಪು ಬಾಳೆಹಣ್ಣು ಎಂದಾಗ ಯಾರಿಗೂ ಕಡಲಿನ ನೆನಪು ಬರುವುದಿಲ್ಲ. ಬಾಗಿದ ಆಕಾರದಿಂದಾಗಿ ಈ ಹೆಸರು ಬಂತೆಂದು ವಿವರಿಸುವುದು ಸುಲಭ. ಆದರೆ ನೆರೆಯ ಭಾಷೆಗಳನ್ನು ಕೇಳಿದರೆ ಬೇರೆಯೇ ಉತ್ತರ ದೊರೆಯುತ್ತದೆ. ತಮಿಳಿನಲ್ಲಿ ಇದಕ್ಕೆ ದೀರ್ಘಸ್ವರದ ‘ಚೀಪ್ಪು’ ಎಂಬ ಪದವಿದ್ದು, ಅದರ ಮೊದಲ ಅರ್ಥ ಬಾಚಣಿಗೆ. ತಲೆ ಬಾಚುವುದನ್ನು ಹೇಳುವ ‘ಚೀವು’ ಎಂಬ ಕ್ರಿಯಾಪದ ಅದರ ಬಗಲಿಗೇ ಇದೆ. ಮರಾಠಿಯಲ್ಲಿಯೂ ಬಾಳೆಹಣ್ಣಿನ ಈ ಸಾಲಿಗೆ ‘ಫಣಿ’ ಎನ್ನುತ್ತಾರೆ. ಫಣಿ ಎಂದರೆ ಬಾಚಣಿಗೆಯೇ. ಒಂದೇ ಬೆನ್ನಿಗೆ ಹಲ್ಲುಗಳಂತೆ ಹೊಂದಿಕೊಂಡ ಹಣ್ಣುಗಳಲ್ಲಿ ಎರಡು ಭಾಷಾಕುಲಗಳವರು ಬಾಚಣಿಗೆಯನ್ನೇ ಕಂಡಿರುವುದರಿಂದ, ಕನ್ನಡದ ಬಾಳೆಹಣ್ಣಿನ ಚಿಪ್ಪು ಕಡಲಿನಿಂದ ಬಂದುದಲ್ಲ, ಬಾಚಣಿಗೆಯ ಪದವೊಂದು ಸ್ವರವನ್ನು ಹ್ರಸ್ವಗೊಳಿಸಿಕೊಂಡು ಚಿಪ್ಪಿನ ರೂಪಕ್ಕೆ ಸರಿದದ್ದು ಎನ್ನುವುದೇ ಹೆಚ್ಚು ಸಮಂಜಸ. ನಿಘಂಟುಗಳಲ್ಲಿ ಇದು ಪ್ರತ್ಯೇಕ ಉಲ್ಲೇಖವಾಗಬೇಕು.

ಎರಡನೆಯದು ಚಿಪ್ಪಿಗ. ದರ್ಜಿ ಎಂಬ ಪದ ಎಲ್ಲೆಡೆ ಹಬ್ಬುವ ಮೊದಲು ಬಟ್ಟೆ ಹೊಲಿಯುವವನನ್ನು ಕನ್ನಡ ಕರೆದದ್ದು ಚಿಪ್ಪಿಗ, ಸಿಂಪಿಗ ಎಂದು. ಉತ್ತರ ಕರ್ನಾಟಕದ ಶಿವಸಿಂಪಿ ಸಮುದಾಯದ ಹೆಸರಿನಲ್ಲಿಯೂ, ಸಿಂಪಿ ಎಂಬ ಅಡ್ಡಹೆಸರಿನಲ್ಲಿಯೂ ಈ ಪದ ಇಂದಿಗೂ ಬದುಕಿದೆ. ಚಿಪ್ಪಿನಿಂದ ಮಾಡಿದ ಗುಂಡಿಗಳನ್ನು ಬಟ್ಟೆಗೆ ಹೊಲಿಯುತ್ತಿದ್ದುದರಿಂದ ಸಿಂಪಿಗನಾದ ಎಂಬಂಥ ವಿವರಣೆ ಆಕರ್ಷಕವಾಗಿ ಕಂಡೀತು, ಆದರೆ ಅದು ನಿಲ್ಲುವುದಿಲ್ಲ. ಇದರ ಮೂಲ ಸಂಸ್ಕೃತದ ಶಿಲ್ಪ, ಶಿಲ್ಪಿ. ಪಾಲಿಯ ‘ಸಿಪ್ಪಿಕ’ ಎಂದರೆ ಕುಶಲಕರ್ಮಿ. ಮರಾಠಿಯ ‘ಶಿಂಪಿ’ ಎಂದರೆ ದರ್ಜಿ. ಕಲ್ಲು ಕೆತ್ತುವವನಿಗೂ ಬಟ್ಟೆ ಹೊಲಿಯುವವನಿಗೂ ಒಂದೇ ಮೂಲದ ಹೆಸರು. ತತ್ಸಮ ರೂಪ ದೇವಾಲಯಕ್ಕೆ ಹೋಯಿತು, ತದ್ಭವ ಪೇಟೆಬೀದಿಯಲ್ಲಿ ಉಳಿಯಿತು. ಹೀಗೆ ಸಿಂಪಿ (ಚಿಪ್ಪು) ಮತ್ತು ಸಿಂಪಿ (ದರ್ಜಿ) ಎಂಬ ಎರಡು ಪದಗಳು, ಒಂದು ಬಹುಮಟ್ಟಿಗೆ ದ್ರಾವಿಡ ಮೂಲದ್ದು, ಇನ್ನೊಂದು ನಿಶ್ಚಿತವಾಗಿ ಆರ್ಯ ಮೂಲದ್ದು, ಪ್ರಾಕೃತದ ಧ್ವನಿನಿಯಮಗಳ ದೆಸೆಯಿಂದ ಒಂದೇ ಉಡುಪು ತೊಟ್ಟು ನಿಂತಿವೆ.

‘ಸಿಪ್ಪೆ’ಯನ್ನೂ ಇವುಗಳೊಂದಿಗೆ ಸೇರಿಸಿಬಿಡುವ ಆಸೆ ಸಹಜ. ಅದೂ ಹೊದಿಕೆಯೇ, ಧ್ವನಿಯೂ ಹತ್ತಿರ. ಆದರೆ ಎರಡು ಪದಗಳು ಧ್ವನಿಯಲ್ಲೂ ಅರ್ಥದಲ್ಲೂ ಹತ್ತಿರವಿವೆ ಎಂಬುದಷ್ಟೇ ನಿಷ್ಪತ್ತಿಗೆ ಸಾಲದೆಂಬುದನ್ನು ಮೇಲಿನ ಎರಡು ಉದಾಹರಣೆಗಳೇ ತೋರಿಸುತ್ತವೆ.

3

ಈ ಎರಡನ್ನು ಕಳೆದ ಮೇಲೆ ಉಳಿಯುವ ಅರ್ಥಗಳಲ್ಲಿ ತೆಂಗಿನ ಚಿಪ್ಪಿನದೇ ಸಿಂಹಪಾಲು. ಕಡಲಿನಿಂದ ದೂರವಿರುವ ತುಮಕೂರು, ಹಾಸನ, ಮಂಡ್ಯ ಸೀಮೆಗಳಲ್ಲಿ ‘ಚಿಪ್ಪು’ ಎಂದೊಡನೆ ಮನಸ್ಸಿಗೆ ಬರುವುದು ತೆಂಗಿನಕಾಯಿಯ ಒಡೆದ ಹೋಳಿನ ಗಟ್ಟಿ ಕವಚ. ಎಲ್ಲ ಕಡೆ ಹೀಗಿಲ್ಲ. ಉತ್ತರ ಕರ್ನಾಟಕದಲ್ಲಿ ಅದು ಪರಟಿ. ಕರಾವಳಿ ಮತ್ತು ಮಲೆನಾಡಿನಲ್ಲಿ ಕರಟ ಅಥವಾ ಗೆರಟೆ. ಕಡಲ ಚಿಪ್ಪನ್ನು ದಿನವೂ ಕಾಣುವವರು ತೆಂಗಿನ ಕವಚಕ್ಕೆ ಬೇರೆ ಹೆಸರನ್ನಿಟ್ಟುಕೊಂಡಿದ್ದಾರೆ, ಕಡಲನ್ನು ಕಾಣದವರು ಕಡಲಿನ ಪದವನ್ನು ತೆಂಗಿಗೆ ಕೊಟ್ಟಿದ್ದಾರೆ. ತುಳುವಿನಲ್ಲಿ ಮಾತ್ರ ಚಿಪ್ಪಿ ಎಂಬುದು ಕಡಲಿನ ಚಿಪ್ಪು, ತೆಂಗಿನ ಚಿಪ್ಪು, ಮೀನಿನ ಮೈಮೇಲಿನ ಹುರುಪೆ ಮೂರನ್ನೂ ಹೇಳುತ್ತದೆ.

ಅಡುಗೆಮನೆಯಲ್ಲಿ ಚಿಪ್ಪು ಪಾತ್ರೆಯ ಪೂರ್ವಜ. ಚಿಪ್ಪಿಗೆ ಎರಡು ತೂತು ಕೊರೆದು ಬಿದಿರಿನ ಹಿಡಿ ತೂರಿಸಿದರೆ ಸೌಟು. ಎಣ್ಣೆ, ಮೊಸರು, ಉಪ್ಪನ್ನು ಅಳೆಯಲು ಅದೇ ಮಾನ. ತಮಿಳಿನ ಸಿಪ್ಪಿಗೆ ಮೊಸರು ಅಳೆಯುವ ತೆಂಗಿನ ಚಿಪ್ಪು ಎಂಬ ಅರ್ಥವನ್ನು ನಿಷ್ಪತ್ತಿ ಕೋಶ ಪ್ರತ್ಯೇಕವಾಗಿ ದಾಖಲಿಸಿದೆ. ವೈದ್ಯರ ಶುಕ್ತಿ ಒಂದು ತೂಕವಾದಂತೆಯೇ ಅಡುಗೆಯವಳ ಚಿಪ್ಪು ಒಂದು ಅಳತೆಯಾಯಿತು. ಕೆರೆಯಂಚಿನ ಕಪ್ಪೆಚಿಪ್ಪು ಕೂಡ ಉಪಕರಣವೇ. ಅದರ ಉಬ್ಬನ್ನು ಕಲ್ಲಿಗೆ ಉಜ್ಜಿ ತೂತು ಮಾಡಿ, ಆ ತೂತಿನ ಹರಿತವಾದ ಅಂಚಿನಿಂದ ಹಳ್ಳಿಯ ಮಕ್ಕಳು ಮಾವಿನಕಾಯಿಯ ಸಿಪ್ಪೆ ಹೆರೆಯುತ್ತಿದ್ದರು. ಕೆಸರಿನಲ್ಲಿ ಕಪ್ಪೆಗಳ ನೆರೆಯಲ್ಲಿ ದೊರೆಯುವುದರಿಂದ ಕಪ್ಪೆಚಿಪ್ಪು ಎಂಬ ಹೆಸರು ಬಂದಿರಬಹುದು.

ಚಿಪ್ಪಿನಿಂದ ಪಾತ್ರೆ, ಪಾತ್ರೆಯಿಂದ ತಲೆಬುರುಡೆ ಎಂಬ ಅರ್ಥಸರಣಿ ಕನ್ನಡಕ್ಕೆ ಮಾತ್ರ ಸೀಮಿತವಲ್ಲ. ಕನ್ನಡದ ಚಿಪ್ಪಿಗೆ ತಲೆಯ ಓಡು ಎಂಬ ಅರ್ಥ ಕೋಶಗಳಲ್ಲಿ ದಾಖಲಾಗಿದೆ. ಸಂಸ್ಕೃತದ ‘ಕಪಾಲ’ಕ್ಕೆ ಬಟ್ಟಲು, ಮಡಕೆಯ ಚೂರು, ತಲೆಬುರುಡೆ ಮೂರೂ ಅರ್ಥಗಳಿವೆ. ಲ್ಯಾಟಿನ್ನಿನ ‘ಟೆಸ್ಟಾ’ ಎಂದರೆ ಮಡಕೆ, ಚಿಪ್ಪು. ಅದರಿಂದಲೇ ಫ್ರೆಂಚಿನಲ್ಲಿ ತಲೆಗೆ ‘ತೆತ್’ ಎಂಬ ಪದ ಬಂದಿತು. ರೋಮಿನ ಸೈನಿಕರ ಒರಟು ಹಾಸ್ಯದಲ್ಲಿ ಹುಟ್ಟಿರಬಹುದಾದ ಈ ಪದ ಇಂದು ಫ್ರೆಂಚಿನ ಸಭ್ಯ ಪದ. ಕಪಾಲವಾದರೋ ಭಿಕ್ಷಾಟನ ಶಿವನ ಕೈಯಲ್ಲಿ ಬುರುಡೆಯೂ ಹೌದು, ಬೇಡುವ ಬಟ್ಟಲೂ ಹೌದು.

‘ಕೈಗೆ ಚಿಪ್ಪು ಬಂತು’, ‘ಚಿಪ್ಪು ಕೊಟ್ಟ’ ಎಂಬ ನುಡಿಗಟ್ಟುಗಳ ಹಿನ್ನೆಲೆಯೂ ಈ ಬೇಡುವ ಬಟ್ಟಲೇ. ಬದುಕು ಹಾಳಾಗಿ ಭಿಕ್ಷೆ ಬೇಡುವ ಸ್ಥಿತಿಗೆ ಬಂದನೆಂಬುದು ಮೂಲ ಅರ್ಥ. ನಂಬಿಸಿ ಮೋಸಮಾಡಿದ ಎಂಬುದು ನಂತರದ್ದು. ತಿರುಳೆಲ್ಲವನ್ನೂ ತಾನು ತೆಗೆದುಕೊಂಡು ಬರಿಯ ಕವಚವನ್ನು ಇನ್ನೊಬ್ಬನಿಗೆ ದಾಟಿಸುವ ಚಿತ್ರವೂ ಇದರೊಂದಿಗೆ ಬೆರೆತಿದೆ. ದಕ್ಷಿಣ ಕರ್ನಾಟಕದ ನುಡಿಗಟ್ಟಾಗಿ ಹುಟ್ಟಿದ್ದು ಪತ್ರಿಕೆ, ಚಲನಚಿತ್ರಗಳ ಮೂಲಕ ಪರಟಿಯ ಸೀಮೆಗೂ ತಲುಪಿದೆ. ವಿಪರ್ಯಾಸವೆಂದರೆ, ಬೆಲೆಯಿಲ್ಲದ್ದಕ್ಕೆ ಸಂಕೇತವಾದ ಈ ಚಿಪ್ಪಿಗೆ ಇಂದು ಒಳ್ಳೆಯ ಬೆಲೆಯಿದೆ. ಸ್ನಾನದ ಹಂಡೆಯ ಒಲೆಗೆ ಹೋಗುತ್ತಿದ್ದ ಚಿಪ್ಪನ್ನು ಇಂದು ಇದ್ದಿಲು ಮಾಡುವವರು ಕೊಳ್ಳುತ್ತಾರೆ. ಆ ಇದ್ದಿಲು ಸಂಸ್ಕರಣಗೊಂಡು ನೀರು ಶುದ್ಧೀಕರಣಕ್ಕೂ, ಅದಿರಿನಿಂದ ಚಿನ್ನ ಬೇರ್ಪಡಿಸುವ ಕಾರ್ಯಕ್ಕೂ ಬಳಕೆಯಾಗುತ್ತದೆ. ನುಡಿಗಟ್ಟು ಮಾತ್ರ ಇನ್ನೂ ಹಳೆಯ ದರದಲ್ಲೇ ನಡೆಯುತ್ತಿದೆ.

4

ತೆಂಗಿನ ಚಿಪ್ಪಿನ ಅರ್ಥವನ್ನು ಇಲ್ಲಿಗೆ ಮುಗಿಸಿದರೆ ಅದು ಅರ್ಧಸತ್ಯವಾಗುತ್ತದೆ. ಕೋಶಗಳು ‘ತೆಂಗಿನಕಾಯಿಯ ಕವಚ’ ಎಂದು ವಿವರಿಸಿ ನಿಲ್ಲುವ ಈ ವಸ್ತುವಿಗೆ ಹಳ್ಳಿಯ ಸಾಮಾಜಿಕ ವ್ಯವಹಾರದಲ್ಲಿ ಇನ್ನೊಂದು ನಿಶ್ಚಿತ ಅರ್ಥವಿತ್ತು. ದಲಿತರಿಗೆ ನೀರು, ಮಜ್ಜಿಗೆ, ಚಹಾ ಕೊಡುವ ‘ಪಾತ್ರೆ’ ಅದು. ಮನೆಯ ಹಿತ್ತಿಲಲ್ಲಿ ಕೂಲಿಗೆ ಬಂದವರಿಗೆ, ಹೋಟೆಲಿನ ಹೊರಗೆ ನಿಂತವರಿಗೆ ಚಿಪ್ಪಿನಲ್ಲಿ ಎತ್ತರದಿಂದ ಸುರಿಯುವುದು ಕರ್ನಾಟಕವೂ ಸೇರಿದಂತೆ ದಕ್ಷಿಣ ಭಾರತದ ಅನೇಕ ಕಡೆ ರೂಢಿಯಲ್ಲಿದ್ದ ಅಸ್ಪೃಶ್ಯತೆಯ ಆಚರಣೆ. ಲೋಹದ ಲೋಟವನ್ನು ತೊಳೆದು ಮರಳಿ ಬಳಸಬೇಕಾಗುತ್ತದೆ, ಹಾಗೆ ಬಳಸುವಾಗ ‘ಮೈಲಿಗೆ’ಯ ಪ್ರಶ್ನೆ ಏಳುತ್ತದೆ, ಚಿಪ್ಪನ್ನಾದರೋ ಎಸೆಯಬಹುದು, ಅಥವಾ ಗೋಡೆಯ ಸಂದಿಯಲ್ಲಿ ಅವರಿಗೆಂದೇ ಸಿಕ್ಕಿಸಿಡಬಹುದು. ಚಿಪ್ಪಿನ ಯಾವ ಗುಣ ಬಡವರ ಅಡುಗೆಮನೆಯಲ್ಲಿ ಅನುಕೂಲವಾಗಿತ್ತೋ, ಅಂದರೆ ಖರ್ಚಿಲ್ಲದೆ ದೊರೆಯುವುದು, ಅದೇ ಗುಣ ಇಲ್ಲಿ ಅವಮಾನದ ಸಾಧನವಾಯಿತು.

ಸ್ವತಂತ್ರ ಭಾರತದ ಕಾನೂನು ಪಾತ್ರೆಯ ಈ ರಾಜಕಾರಣವನ್ನು ಹೆಸರಿಸಿಯೇ ನಿಷೇಧಿಸಿದೆ. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. 1955ರ ಅಸ್ಪೃಶ್ಯತೆ (ಅಪರಾಧಗಳ) ಕಾಯಿದೆ, 1976ರ ತಿದ್ದುಪಡಿಯ ನಂತರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ ಎಂಬ ಹೆಸರು ಪಡೆದದ್ದು, ತನ್ನ 4ನೆಯ ಪ್ರಕರಣದಲ್ಲಿ ಉಪಾಹಾರ ಗೃಹ, ಹೋಟೆಲು ಮೊದಲಾದೆಡೆ ಸಾರ್ವಜನಿಕರಿಗಾಗಿ ಇರಿಸಿದ ಪಾತ್ರೆಗಳ ಬಳಕೆಯನ್ನು ಅಸ್ಪೃಶ್ಯತೆಯ ಕಾರಣಕ್ಕೆ ನಿರಾಕರಿಸುವುದನ್ನು ಅಪರಾಧವೆಂದು ಸಾರಿದೆ. ಪಾತ್ರೆಯನ್ನು ಕುರಿತು ಕಾಯಿದೆಯೊಂದು ಮಾತನಾಡಬೇಕಾಗಿ ಬಂದದ್ದೇ ಚಿಪ್ಪಿನ ಸಾಮಾಜಿಕ ಅರ್ಥಕ್ಕೆ ದೊಡ್ಡ ಸಾಕ್ಷಿ.

ಗ್ರೀಕಿನಲ್ಲಿ ಇದಕ್ಕೆ ಹೋಲಿಸಬಹುದಾದ ಪದವೊಂದಿದೆ. ‘ಓಸ್ಟ್ರಕಾನ್’ ಎಂದರೆ ಚಿಪ್ಪು, ಮಡಕೆಯ ಚೂರು. ಕ್ರಿ. ಪೂ. 5ನೆಯ ಶತಮಾನದ ಅಥೆನ್ಸಿನಲ್ಲಿ ಪೌರರು ಮಡಕೆಯ ಚೂರಿನ ಮೇಲೆ ಹೆಸರು ಗೀಚಿ ಒಬ್ಬನನ್ನು ಹತ್ತು ವರ್ಷಗಳ ಕಾಲ ನಗರದಿಂದ ಹೊರಗಿಡುತ್ತಿದ್ದರು. ಇಂಗ್ಲಿಷಿನಲ್ಲಿ ಬಹಿಷ್ಕಾರವನ್ನು ಹೇಳುವ ‘ಆಸ್ಟ್ರಸಿಸಂ’ ಹುಟ್ಟಿದ್ದು ಅದರಿಂದ. ಎರಡೂ ಕಡೆ ಬಹಿಷ್ಕಾರದ ಸಾಧನ ಚಿಪ್ಪೇ ಎಂಬುದು ಆಕಸ್ಮಿಕ ಸಾಮ್ಯ, ಅದಕ್ಕಿಂತ ಹೆಚ್ಚಿನದನ್ನು ಅದಕ್ಕೆ ಹೊರಿಸಬೇಕಿಲ್ಲ. ವ್ಯತ್ಯಾಸವೇ ಹೆಚ್ಚು ಮುಖ್ಯ. ಅಥೆನ್ಸ್ ಹೊರಗಿಟ್ಟದ್ದು ಅತಿಯಾಗಿ ಬಲಿತವರನ್ನು, ಅದಕ್ಕೊಂದು ಅವಧಿಯಿತ್ತು, ಆ ಪದ ನಿಘಂಟಿಗೂ ಇತಿಹಾಸಕ್ಕೂ ಸೇರಿತು. ಇಲ್ಲಿಯ ಚಿಪ್ಪಿಗೆ ಅವಧಿಯಿರಲಿಲ್ಲ, ನಿಘಂಟಿನಲ್ಲಿ ಅದು ಇನ್ನೂ ತೆಂಗಿನಕಾಯಿಯ ಕವಚವಷ್ಟೇ ಆಗಿದೆ. ಕನ್ನಡ ದಲಿತ ಬರವಣಿಗೆಯನ್ನು ತರಗತಿಯಲ್ಲಿ ಓದಿಸುವಾಗ ಚಿಪ್ಪು ಎಂಬ ಪದ ಎದುರಾದರೆ ಅದಕ್ಕೆ ಬರಿಯ ಪದಾರ್ಥ ಹೇಳಿ ಮುಂದೆ ಸಾಗುವುದು ಪಠ್ಯಕ್ಕೆ ಎಸಗುವ ಅನ್ಯಾಯ.

5

ಚಿಪ್ಪಿನ ಗಡಸುತನವನ್ನು ಆಧರಿಸಿದ ಅರ್ಥಗಳು ಹೆಚ್ಚು ವಿವರಣೆಯನ್ನು ಬೇಡುವುದಿಲ್ಲ. ಮೊಣಕಾಲಿನ ಮುಂಭಾಗದ ದುಂಡನೆಯ ಮೂಳೆ ಮಂಡಿಚಿಪ್ಪು, ತೆಲುಗಿನಲ್ಲಿಯೂ ಅದು ‘ಮೋಕಾಲಿ ಚಿಪ್ಪ’. ಆಮೆಯ ಬೆನ್ನು ಚಿಪ್ಪು. ಮೈತುಂಬ ಹೆಂಚು ಹೊದಿಸಿದಂತಿರುವ ಪ್ರಾಣಿ ಚಿಪ್ಪುಹಂದಿ. ಅದು ಹಂದಿಯೂ ಅಲ್ಲ, ಅದರ ಮೈಮೇಲಿರುವುದು ಉಗುರು, ಕೂದಲುಗಳ ದ್ರವ್ಯವೇ ಹೊರತು ಸುಣ್ಣದ ಚಿಪ್ಪಲ್ಲ. ಆ ‘ಚಿಪ್ಪಿ’ಗಾಗಿಯೇ ಅದರ ಕಳ್ಳಬೇಟೆ ನಡೆಯುತ್ತದೆ.

ಒಂದು ನುಡಿಗಟ್ಟನ್ನು ಮಾತ್ರ ಇಲ್ಲಿ ನಿಂತು ನೋಡಬೇಕು. ‘ತನ್ನ ಚಿಪ್ಪಿನೊಳಗೆ ಹುದುಗಿಕೊಂಡ’, ‘ಚಿಪ್ಪಿನಿಂದ ಹೊರಬರಬೇಕು’ ಎಂಬ ಮಾತುಗಳು ಇಂದು ವಿಮರ್ಶೆಯ ಬರಹಗಳಲ್ಲಿ ಧಾರಾಳವಾಗಿ ಕಾಣುತ್ತವೆ. ಅಂಗಾಂಗಗಳನ್ನು ಒಳಗೆಳೆದುಕೊಳ್ಳುವ ಆಮೆಯ ಚಿತ್ರ ಭಗವದ್ಗೀತೆಯ ಎರಡನೆಯ ಅಧ್ಯಾಯದಲ್ಲಿದೆ, ಆದರೆ ಅಲ್ಲಿ ಅದು ಸ್ಥಿತಪ್ರಜ್ಞನ ಲಕ್ಷಣ. ಅದೇ ಚಿತ್ರ ಆಧುನಿಕ ಕನ್ನಡದಲ್ಲಿ ಸಂಕೋಚ, ಅಂಜಿಕೆ, ಲೋಕವಿಮುಖತೆಯ ದೋಷವಾಗಿ ಬಂದಿರುವುದು ಇಂಗ್ಲಿಷಿನ ಪ್ರಭಾವದಿಂದ. ಒಂದೇ ಆಮೆ ಒಂದು ಪರಂಪರೆಯಲ್ಲಿ ಯೋಗಿ, ಇನ್ನೊಂದರಲ್ಲಿ ಅಂಜುಬುರುಕ.

6

ಇಂಗ್ಲಿಷಿನಲ್ಲಿ ಇಂಥದೇ ಪಯಣ ಮಾಡಿರುವ ಪದ ‘ಸ್ಕ್ಯಾಲಪ್’. ಬೀಸಣಿಗೆಯಾಕಾರದ, ಗೆರೆಗಳುಳ್ಳ, ಅಲೆಯಲೆಯಾದ ಅಂಚಿನ ಚಿಪ್ಪು ಅದು. ಹಳೆಯ ಫ್ರೆಂಚಿನ ‘ಎಸ್ಕಲೋಪ್’ ಎಂಬ, ಚಿಪ್ಪು ಎಂದೇ ಅರ್ಥವಿರುವ, ಜರ್ಮಾನಿಕ್ ಮೂಲದ ಪದದಿಂದ ಅದು ಬಂದಿದೆ. ಯುರೋಪಿನ ಸಾಂತಿಯಾಗೊ ಕ್ಷೇತ್ರಕ್ಕೆ ಹೋಗುವ ಯಾತ್ರಿಕರಿಗೆ ಈ ಚಿಪ್ಪು ಲಾಂಛನ. ಅದೇ ಚಿಪ್ಪಿನಲ್ಲಿಟ್ಟು, ರೊಟ್ಟಿಯ ಪುಡಿ ಉದುರಿಸಿ ಬೇಯಿಸುವ ಕ್ರಮದಿಂದ ಅಡುಗೆಯ ಒಂದು ವಿಧಾನಕ್ಕೇ ಆ ಹೆಸರು ಬಂದು, ಕಡೆಗೆ ಚಿಪ್ಪಿನ ಸಂಪರ್ಕವೇ ಇಲ್ಲದ ಆಲೂಗೆಡ್ಡೆಯೂ ‘ಸ್ಕ್ಯಾಲಪ್’ ಆಯಿತು. ತೆಳುವಾಗಿ ಕೊಯ್ದ ಮಾಂಸಖಂಡಕ್ಕೆ ಫ್ರೆಂಚಿನಲ್ಲಿ ‘ಎಸ್ಕಲೋಪ್’ ಎಂದೇ ಹೆಸರು. ಬಟ್ಟೆಯ ಅಂಚು, ಮೇಜುಹಾಸು, ಕಮಾನು, ಗೋಡೆಯ ಅಲಂಕಾರ, ಎಲ್ಲಿ ಅರ್ಧವೃತ್ತಗಳ ಸಾಲು ಕಂಡರೂ ಅದು ಆ ಭಾಷೆಗೆ ಸ್ಕ್ಯಾಲಪ್. ಲಂಡನ್ನಿನಲ್ಲಿ ಅಲಂಕಾರದ ಚಿಪ್ಪುಗಳನ್ನು ಮಾರುತ್ತಿದ್ದ ಮನೆತನವೊಂದು ಮುಂದೆ ಎಣ್ಣೆ ವ್ಯಾಪಾರಕ್ಕಿಳಿದು ‘ಶೆಲ್’ ಕಂಪನಿಯಾದಾಗ, 1904ರಿಂದ ಈ ಚಿಪ್ಪನ್ನೇ ಗುರುತಾಗಿಸಿಕೊಂಡಿತು.

ಇಲ್ಲಿ ಒಂದು ಮೂಲಭೂತ ಭೇದ ಕಾಣುತ್ತದೆ. ಇಂಗ್ಲಿಷ್ ಚಿಪ್ಪಿನ ಅಂಚನ್ನು ನೋಡಿತು, ಕನ್ನಡ ಅದರ ಕುಳಿಯನ್ನು ನೋಡಿತು. ಆದ್ದರಿಂದ ಅಲ್ಲಿ ಅದು ಬಟ್ಟೆಗೂ ವಾಸ್ತುವಿಗೂ ಸುಲಭವಾಗಿ ದಾಟಿತು. ಇಲ್ಲಿ ಪಾತ್ರೆ, ಬುರುಡೆ, ಭಿಕ್ಷೆಗಳತ್ತ ಹೋಯಿತು. ಬಿಜಾಪುರದ ಆದಿಲಶಾಹಿ ಕಟ್ಟಡಗಳಿಂದ ಮೈಸೂರಿನ ಅರಮನೆಯವರೆಗೆ ಕಮಾನುಗಳ ಬಾಗಿದ ಅಂಚುಗಳನ್ನು ವರ್ಣಿಸುವಾಗ ಕನ್ನಡದ ಬರಹಗಾರ ಬಳಸುವುದು ‘ದಳ’ ಎಂಬ ಪದವನ್ನು. ಅದೇ ಬಾಗು, ಆದರೆ ಕಣ್ಣಿಗೆ ಕಂಡದ್ದು ಕಮಲ. ಸೀರೆಯ ಅಂಚಿಗೆ ಇಂದಿನ ಅಂಗಡಿಗಳಲ್ಲಿ ‘ಸ್ಕ್ಯಾಲಪ್ ಬಾರ್ಡರ್’ ಎಂದು ಹೇಳುವಾಗ ಅದರಲ್ಲೊಂದು ಕಡಲಜೀವಿಯಿದೆ ಎಂಬುದು ಮಾರುವವರಿಗೂ ಕೊಳ್ಳುವವರಿಗೂ ತಿಳಿದಿರುವುದಿಲ್ಲ. ಕನ್ನಡದಲ್ಲಿ ಆ ಅಂಚನ್ನು ‘ಚಿಪ್ಪಿನ ಅಂಚು’ ಎಂದು ಅನುವಾದಿಸಿದರೆ ಯಾರಿಗೂ ಅರ್ಥವಾಗದು.

ಅಲಂಕಾರದಲ್ಲಿ ಚಿಪ್ಪಿಗೆ ಇಲ್ಲಿ ಸ್ಥಾನವೇ ಇಲ್ಲವೆಂದಲ್ಲ. ಇಲ್ಲಿ ಅದು ಆಕಾರವಾಗಿ ಬರದೆ ದ್ರವ್ಯವಾಗಿ ಬರುತ್ತದೆ. ಗೋವೆಯ ಹಳೆಯ ಮನೆಗಳ ಕಿಟಕಿಗಳಲ್ಲಿ ಗಾಜಿನ ಬದಲು ಒಂದು ಜಾತಿಯ ತೆಳುಚಿಪ್ಪಿನ ಹಾಳೆಗಳನ್ನು ಮರದ ಚೌಕಟ್ಟಿಗೆ ಕೂರಿಸುತ್ತಿದ್ದರು, ಬಿಸಿಲು ಹಾಲಿನಂತೆ ಸೋಸಿ ಒಳಬರುತ್ತಿತ್ತು. ಅದಕ್ಕಿಂತ ವ್ಯಾಪಕವಾದುದು ಸುಣ್ಣ. ಚಿಪ್ಪನ್ನು ಗೂಡಿನಲ್ಲಿ ಇದ್ದಿಲಿನೊಂದಿಗೆ ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟರೆ ಅದರಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟ್ ಒಡೆದು ಸುಟ್ಟ ಸುಣ್ಣವಾಗುತ್ತದೆ, ನೀರು ಹಾಕಿದರೆ ಕುದಿದು ಅರಳುತ್ತದೆ. ಕರಾವಳಿಯ ಮನೆಗಳ ಗೋಡೆಗೆ ಬಳಿದದ್ದೂ, ಗಾರೆಗೆ ಬೆರೆಸಿದ್ದೂ, ವೀಳ್ಯದೆಲೆಯ ಬೆನ್ನಿಗೆ ಸವರಿದ್ದೂ ಈ ಚಿಪ್ಪಿನ ಸುಣ್ಣವೇ. ಕಲ್ಲುಸುಣ್ಣಕ್ಕಿಂತ ಚಿಪ್ಪಿನ ಸುಣ್ಣ ಬೆಳ್ಳಗೆ, ನಾಲಿಗೆಗೆ ಮೃದು ಎಂಬುದು ಎಲೆ ಮೆಲ್ಲುವವರ ಅನುಭವ. ತಿಂದು ಎಸೆದ ಜೀವಿಯ ಮನೆ ಹೀಗೆ ಮನುಷ್ಯನ ಮನೆಯ ಗೋಡೆಯನ್ನೂ ಬಾಯನ್ನೂ ಸೇರಿದೆ.

7

ಆದರೆ ಆ ಜೀವಿಯ ಹೆಸರೇನು? ಈ ಪ್ರಶ್ನೆಗೆ ಶಿಷ್ಟ ಕನ್ನಡದಲ್ಲಿ ಸರಿಯಾದ ಉತ್ತರವಿಲ್ಲ. ಚಿಪ್ಪು ಎಂದರೆ ಹೊರಗಿನ ಮನೆ, ಒಳಗಿರುವವರಿಗೆ ಹೆಸರಿಲ್ಲ. ವಿಜ್ಞಾನ ಪಠ್ಯಗಳು ‘ಮೃದ್ವಂಗಿ’ ಎನ್ನುತ್ತವೆ, ಅದು ಶಂಖ, ಬಸವನಹುಳುಗಳನ್ನೂ ಒಳಗೊಳ್ಳುವ ವರ್ಗನಾಮ. ಒಳನಾಡಿನವರಿಗೆ ಚಿಪ್ಪು ದೊರೆತದ್ದು ಬಹುಪಾಲು ಬರಿದಾದ ಮೇಲೆಯೇ, ಕೆರೆಯ ದಂಡೆಯಲ್ಲೋ ಸಂತೆಯ ಸುಣ್ಣದ ಬುಟ್ಟಿಯಲ್ಲೋ. ಬರಿದುತನವೇ ಈ ಪದದ ಒಳನಾಡಿನ ಅರ್ಥಗಳಿಗೆ ತಳಹದಿಯಾದದ್ದು ಈ ಹಿನ್ನೆಲೆಯಲ್ಲಿ ಸಹಜವೆನಿಸುತ್ತದೆ.

ಅದನ್ನು ತಿನ್ನುವವರ ಭಾಷೆ ಬೇರೆ. ಉತ್ತರ ಕನ್ನಡ ಮತ್ತು ಕುಂದಾಪುರ ಸೀಮೆಯಲ್ಲಿ ಬಳಚು ಅಥವಾ ಬೆಳಚು, ಚಿಪ್ಪಿಕಲ್ಲು. ಬಂಡೆಗೆ ಅಂಟಿ ಬೆಳೆಯುವ ನೀಲಿಕಲ್ಲು. ತುಳುವಿನಲ್ಲಿ ಮರುವಾಯಿ ಮತ್ತು ಪಚ್ಚಿಲೆ. ಕೊಂಕಣಿಯಲ್ಲಿ ತಿಸ್ರ್ಯೊ, ಖುಬ್ಬೆ. ಇವು ಒಂದೇ ವಸ್ತುವಿನ ಪರ್ಯಾಯ ಪದಗಳಲ್ಲ. ಗಾತ್ರ, ಜಾತಿ, ನೀರಿನ ಉಪ್ಪು, ಮರಳೋ ಬಂಡೆಯೋ ಎಂಬ ನೆಲೆ, ಇವೆಲ್ಲವನ್ನೂ ಗುರುತಿಸುವ ವರ್ಗೀಕರಣ ಈ ಹೆಸರುಗಳಲ್ಲಿ ಅಡಗಿದೆ. ಇಳಿತದ ಹೊತ್ತಿನಲ್ಲಿ ಅಳಿವೆಯ ಕೆಸರಿಗಿಳಿದು ಕಾಲಿನ ಸ್ಪರ್ಶದಿಂದಲೇ ಬಳಚನ್ನು ಗುರುತಿಸಿ ಬುಟ್ಟಿ ತುಂಬಿಸುವ ಹೆಂಗಸರ ಜ್ಞಾನ ಅದು. ಅಡುಗೆಯಲ್ಲಿಯೂ ಚಿಪ್ಪು ಕಸವಲ್ಲ. ಮರುವಾಯಿ ಸುಕ್ಕದಲ್ಲಿ ಒಂದು ಪಕ್ಕದ ಚಿಪ್ಪನ್ನು ಮಾಂಸದೊಂದಿಗೆ ಉಳಿಸಿಯೇ ಕಾಯಿತುರಿ, ಮಸಾಲೆಯಲ್ಲಿ ಬೇಯಿಸುತ್ತಾರೆ. ಅಕ್ಕಿಯ ಪುಂಡಿಯನ್ನು ಅದರ ಸಾರಿನಲ್ಲಿ ಹಾಕಿದರೆ ಮರುವಾಯಿ ಪುಂಡಿ. ಊಟದ ಎಲೆಯ ಬದಿಯಲ್ಲಿ ಚಿಪ್ಪುಗಳ ರಾಶಿ ಬೆಳೆದಂತೆ ಉಂಡವನ ತೃಪ್ತಿಯ ಲೆಕ್ಕ ಸಿಗುತ್ತದೆ. ಬರಿಯ ಚಿಪ್ಪು ಇಲ್ಲಿ ಮೋಸದ ಗುರುತಾಗದೆ ಉಂಡದ್ದರ ಗುರುತಾಗುತ್ತದೆ.

ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಗ್ರಂಥಸ್ಥ ಪ್ರಯೋಗಗಳ ಆಧಾರದ ಮೇಲೆ ನಿಂತಿದೆ. ಬರಹಕ್ಕೆ ಬಾರದ ಸಮುದಾಯಗಳ ಪದಗಳು ಅಂಥ ಕೋಶದಲ್ಲಿ ವಿರಳವಾಗುವುದು ಅದರ ವಿಧಾನದಿಂದಲೇ ಬಂದ ಮಿತಿ. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರ ಪ್ರಕಟಿಸಿದ, ಯು. ಪಿ. ಉಪಾಧ್ಯಾಯರ ಸಂಪಾದಕತ್ವದ ಆರು ಸಂಪುಟಗಳ ತುಳು ನಿಘಂಟು ಆಡುನುಡಿಯನ್ನು ಕ್ಷೇತ್ರಕಾರ್ಯದಿಂದ ಸಂಗ್ರಹಿಸಿತು. ಉತ್ತರ ಕನ್ನಡದ ಅಳಿವೆಗಳ ಕನ್ನಡಕ್ಕೂ ಅಷ್ಟೇ ವ್ಯವಸ್ಥಿತವಾದ ಸಂಗ್ರಹ ಬೇಕಾಗಿದೆ. ಅದಕ್ಕೆ ಕಾಲದ ಒತ್ತಡವೂ ಇದೆ. ಅಣೆಕಟ್ಟುಗಳಿಲ್ಲದೆ ಹರಿದು ಕುಮಟಾ ಬಳಿ ಕಡಲು ಸೇರುವ ಅಘನಾಶಿನಿ ನದಿಯ ಅಳಿವೆ ಬಳಚಿಗೆ ಹೆಸರಾದುದು. 2024ರಲ್ಲಿ ಅದು ರಾಮ್ಸಾರ್ ಜೌಗುಪ್ರದೇಶಗಳ ಪಟ್ಟಿಗೆ ಸೇರಿತು. ಜೌಗುಪ್ರದೇಶದ ರಕ್ಷಣೆಯ ದಾಖಲೆಗಳಲ್ಲಿ ಈ ಜೀವಿಗಳು ಲ್ಯಾಟಿನ್ ಹೆಸರುಗಳಲ್ಲಿ ಬರುತ್ತವೆ. ಅಂಬಿಗ, ಹರಿಕಂತ, ಹಾಲಕ್ಕಿ ಮನೆಗಳಲ್ಲಿ ಅವುಗಳಿಗೆ ಇರುವ ಹೆಸರುಗಳನ್ನು ಲ್ಯಾಟಿನ್ ಹೆಸರಿನ ಪಕ್ಕದಲ್ಲಿ, ಯಾವ ಊರಿನಲ್ಲಿ ಯಾವುದಕ್ಕೆ ಯಾವ ಹೆಸರೆಂದು, ನಮೂನೆಯ ಚಿಪ್ಪನ್ನು ಎದುರಿಗಿಟ್ಟುಕೊಂಡೇ ಕೇಳಿ ಬರೆದುಕೊಳ್ಳಬೇಕು. ಬರಿಯ ಪ್ರಶ್ನಾವಳಿಯಿಂದ ಕೇಳಿದರೆ ಎಲ್ಲದಕ್ಕೂ ‘ಚಿಪ್ಪಿ’ ಎಂಬ ಒಂದೇ ಉತ್ತರ ದೊರೆಯುವ ಅಪಾಯವಿದೆ.